ಬಿನ್ನಿ ಎಲಿ ಯಾರಿಗೂ ಬ್ಯಾಡಾಗಿತ್ತು

ಸೂಟಿ ಬಂತಂದ್ರ ಹುಡುಗೂರ ಕೈಯಾಗಿನ ಕ್ರಿಕೆಟ್ ಎಲಿ ಕಸಗೊಂಡು ಕಪಾಟಿನ ಮ್ಯಾಲ ಒಗಿಯೋ ತಾಯಂದ್ರು ನಮ್ಮ ಓಣ್ಯಾಗ ಕಮ್ಮಿ ಇಲ್ಲ. "ಎಲಿ ಅಂದ್ರ ಇಸ್ಪೀಟ, ಇಸ್ಪೀಟ ಅಂದ್ರ ಮನಿ ಹಾಳು" ಅಂತ ಒಂದ ಉಸುರಿನ್ಯಾಗ ಹೇಳಿಬಿಡ್ತೀರಿ. ಹೋದ ಸಲ ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿದ್ರಿ. ಈ ಸಲ ಬೈಲಾಕಾದ್ರೂ ಮಾಡ್ರಿ, ಅಡ್ಡಿ ಇಲ್ಲ. ನಾ ಹೇಳೋದು ಇಷ್ಟ: ಆ ಎಲಿ ಕಸಗೋಬ್ಯಾಡ್ರಿ, ಒಂದ ತಾಸು ಅವರ ಜೋಡಿ ಕುಂತು ಆಡ್ರಿ. ಅದರಾಗೂ ಯಾರಿಗೂ ಬ್ಯಾಡಾದ ಎಲಿ ನಿಮ್ಮ ಪಾಲಿಗೆ ಬಂದಾಗ ಅದನ್ನ ಹ್ಯಾಂಗ ಆಡಬೇಕು ಅನ್ನೋದು ನೋಡ್ರಿ. ಎಲಿ ಹಗುರ ಅದ ಅಂತ ನಾವು ಅಂದ್ಕೋತೀವಿ. ಬಹಳಷ್ಟು ಸಲ ಎಲಿ ಛಲೋನ ಇರ್ತದ, ನಾವು ಕರಿಯೋ ಸಾಲು ತಪ್ಪಿರ್ತದ.

ಗೊತ್ತಿಲ್ಲದವರಿಗೆ ಮೊದಲ ಆಟ ಹೇಳಿಬಿಡ್ತೀನಿ. ಇದಕ್ಕ ಟ್ರಂಪ್ ಕಾರ್ಡ್ ಅಂತಾರ. ಒಂದೊಂದು ಎಲಿ ಮ್ಯಾಲ ಒಬ್ಬೊಬ್ಬ ಆಟಗಾರನ ಫೋಟೋ, ಅದರ ಕೆಳಗ ಸಾಲಾಗಿ ಅಂಕಿ. ಎಷ್ಟು ಮ್ಯಾಚ್ ಆಡ್ಯಾನ, ಎಷ್ಟು ರನ್, ಎಲ್ಲಕ್ಕಿಂತ ಹೆಚ್ಚಿನ ಸ್ಕೋರು, ಎಷ್ಟು ಸೆಂಚುರಿ, ಎಷ್ಟು ವಿಕೆಟ್, ಒಂದ ಮ್ಯಾಚಿನ್ಯಾಗ ಮಾಡಿದ ಛಲೋ ಬೌಲಿಂಗ್ ಯಾವುದು. ಎಲಿ ಸಮ ಹಂಚಬೇಕು. ತಮ್ಮ ತಮ್ಮ ಕಟ್ಟು ಕೈಯಾಗ ಹಿಡಿದು ಮ್ಯಾಲಿನ ಎಲಿ ಒಂದ ನೋಡಬೇಕು. ಪಾಳಿ ಯಾರದೋ ಅವರು ಒಂದು ಸಾಲು ಕರೀತಾರ. "ಸೆಂಚುರಿ" ಅಂದ್ರ ಎಲ್ಲಾರೂ ತಮ್ಮ ಮ್ಯಾಲಿನ ಎಲಿ ತೋರಿಸಬೇಕು. ಯಾರ ಅಂಕಿ ದೊಡ್ಡದೋ ಅವರು ಎಲ್ಲಾರ ಎಲಿ ತಗೊಂಡು ತಮ್ಮ ಕಟ್ಟಿನ ಕೆಳಗ ಇಟ್ಕೋತಾರ. ಗೆದ್ದವರಿಗೇ ಮತ್ತ ಕರಿಯೋ ಪಾಳಿ. ಕಡೀಕ ಯಾರ ಕೈಯಾಗ ಎಲ್ಲಾ ಎಲಿ ಬರತಾವೋ ಅವರು ಗೆದ್ದಂಗ. ರೊಕ್ಕದ ಮಾತ ಇಲ್ಲ ಇದರಾಗ.

ಆಟದಕಿಂತ ಹೆಚ್ಚು ಗದ್ದಲ ಇರೋದು ಅದಲು ಬದಲಿನ್ಯಾಗ. ಸಂಜಿ ಮುಂದ ನಮ್ಮ ಕಟ್ಟಿ ಮ್ಯಾಲ ಹುಡುಗೂರ ಸಂತಿ ಕೂಡ್ತದ. ಒಂದು ಕೊಹ್ಲಿಗೆ ನಾಕು ಎಲಿ, ಒಂದು ಧೋನಿಗೆ ಮೂರು. ಕಿರಾಣಾ ಬಜಾರದಾಗ ದಲಾಲಿ ಮಾಡೋರೂ ಇಷ್ಟು ಒದರಂಗಿಲ್ಲ. ಆ ಸಂತ್ಯಾಗ ಫುಕಟ ಕೊಟ್ಟರೂ ಯಾರೂ ತಗೊಳ್ಳದ ಒಂದು ಎಲಿ ಇತ್ತು, ಸ್ಟುವರ್ಟ್ ಬಿನ್ನಿದು.

ಎಲಿ ನೋಡಿದ್ರ ಹುಡುಗೂರದೂ ತಪ್ಪಿಲ್ಲ ಅನಸ್ತದ. ಒಟ್ಟ ಆಡಿದ್ದು 14 ಒನ್ ಡೇ. ರನ್ 230. ಸೆಂಚುರಿ ಸೊನ್ನಿ. ವಿಕೆಟ್ 20. ಬೆಂಗಳೂರಿನ ಹುಡುಗ, ನಮ್ಮ ಕರ್ನಾಟಕದಾಂವ, ಆದ್ರ ಅಪ್ಪನ ಹೆಸರ ಮುಂದ ಮಗನ ಹೆಸರು ಮಸಕಾತು. ಅಪ್ಪ ರೋಜರ್ ಬಿನ್ನಿ 1983ರ ವರ್ಲ್ಡ್ ಕಪ್ಪಿನ್ಯಾಗ ಎಲ್ಲಾ ದೇಶದವರಿಗಿಂತ ಹೆಚ್ಚು, 18 ವಿಕೆಟ್ ತಗೊಂಡವರು. ಮಗನ್ನ 2015ರ ವರ್ಲ್ಡ್ ಕಪ್ಪಿಗೆ ಆರಿಸಿ ಕರಕೊಂಡು ಹೋದ್ರು, ಒಂದ ಮ್ಯಾಚೂ ಆಡಿಸಲಿಲ್ಲ. ಲಗ್ನಕ್ಕ ಕರದು ಪಂಕ್ತ್ಯಾಗ ಕೂಡಿಸದೇ ಕಳಿಸಿದಂಗಾತು.

ಆದ್ರ ಎಲಿ ಕಡೀ ಸಾಲು ಓದ್ರಿ. ಛಲೋ ಬೌಲಿಂಗ್: 4 ರನ್ನಿಗೆ 6 ವಿಕೆಟ್. ಇದು ಆಗಿದ್ದು 2014ರ ಜೂನ್ 17ಕ್ಕ, ಬಾಂಗ್ಲಾದೇಶದ ಮೀರ್‌ಪುರದಾಗ. ನಮ್ಮವರು 105ಕ್ಕ ಆಲೌಟ್ ಆಗಿ ಕುಂತಿದ್ರು, ಸೋತಂಗ ಅಂತ ಎಲ್ಲಾರೂ ಟಿವಿ ಆರಿಸಿರಬೇಕು. ಈತ ಐದು ಓವರೂ ಪೂರಾ ಹಾಕಲಿಲ್ಲ, ಅಷ್ಟರಾಗ ಆರು ಮಂದಿನ್ನ ಕಳಿಸಿದ. ಬಾಂಗ್ಲಾ 58ಕ್ಕ ಮುಗೀತು. ಅದಕಿಂತ ಮೊದಲ ಒನ್ ಡೇದಾಗ ನಮ್ಮ ದೇಶದ ದಾಖಲೆ ಅನಿಲ್ ಕುಂಬ್ಳೆ ಅವರದಿತ್ತು, 1993ರಾಗ ಕಲ್ಕತ್ತಾದಾಗ 12 ರನ್ನಿಗೆ 6. ಅದನ್ನ ಮುರಿದಾಂವ ಈ ಬ್ಯಾಡಾದ ಎಲಿ.

ನಮ್ಮ ಮನ್ಯಾಗ ಇರೋ ಕಟ್ಟು ಹಳೇದು, ಸಣ್ಣ ಮಗ ಶಾಲಿಗೆ ಹೋಗುವಾಗ ಗಾಂಧಿ ಚೌಕದ ಕಡೆ ತಂದಿದ್ದು. ಅದರಾಗ ಆ ಒಂದು ಸಾಲು ಕರದ್ರ ಬಿನ್ನಿನ್ನ ಹೊಡಿಯೋ ಎಲಿನ ಇಲ್ಲ. ಸಚಿನ್ನಂದು 32ಕ್ಕ 5. ಕಪಿಲ್ ದೇವಂದು 43ಕ್ಕ 5. ಧೋನಿದು ಒಂದ ವಿಕೆಟ್. ಎಲ್ಲಾರೂ ಬಿನ್ನಿ ಕೆಳಗ.

ಇದನ್ನ ನಮ್ಮ ಕಟ್ಟಿ ಮ್ಯಾಲ ಮೊದಲ ಕಂಡುಹಿಡದಾಕಿ ನಮ್ಮ ನಾದಿನಿ ಮಗಳು, ಟಿಕೋಟಾದಾಕಿ. ಹತ್ತನೇತ್ತ ಪರೀಕ್ಷಾ ಬರದು ಸೂಟಿಗೆ ನಮ್ಮನಿಗೆ ಬಂದಿದ್ಲು. ತನ್ನ ಪಾಲಿನ ಧೋನಿ ಎಲಿ, 183 ನಾಟೌಟ್ ಇದ್ದದ್ದನ್ನ, ಪಕ್ಕದ ಮನಿ ಹುಡುಗಂಗ ಕೊಟ್ಟು ಬಿನ್ನಿ ಎಲಿ ತಗೊಂಡ್ಲು, ಮ್ಯಾಲ ಎರಡು ಎಲಿ ಕೊಸರು ಬ್ಯಾರೆ. ಹುಡುಗೂರು ಬಿದ್ದು ಬಿದ್ದು ನಕ್ಕರು. ನಮ್ಮ ಮೊಮ್ಮಗ ಅಂತೂ "ಅಕ್ಕ ಮೋಸ ಹೋದ್ಲು" ಅಂತ ಅಡಗಿಮನಿಗೆ ಬಂದು ನನಗ ವರದಿ ಕೊಟ್ಟ.

ಮರುದಿನದಿಂದ ನೋಡ್ರಿ. ಅಕಿ ಬಿನ್ನಿ ಎಲಿ ಹ್ಯಾಂಗ ಆಡಿದ್ಲು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳತೀನಿ, ಯಾಕಂದ್ರ ಎಲಿ ಮ್ಯಾಲ ಒಂದು ಛಲೋ ಅಂಕಿ ಇದ್ದ ಮಾತ್ರಕ್ಕ ಅದು ಗೆಲ್ಲಂಗಿಲ್ಲ. ಬಿನ್ನಿ ಮ್ಯಾಲ ಬಂದಾಗ ಪಾಳಿ ಬ್ಯಾರೆಯವರದಿದ್ರ ಅವರು "ರನ್" ಅಂತಾರ, 230 ತೋರಿಸಿ ಎಲಿ ಕಳಕೋಬೇಕು. ಬಿನ್ನಿ ಮ್ಯಾಲ ಬರೋ ಹೊತ್ತಿಗೆ ಕರಿಯೋ ಪಾಳಿ ನಮ್ಮ ಕೈಯಾಗ ಇರಬೇಕು. ಅದಕ್ಕ ಅಕಿ ಏನ ಮಾಡತಿದ್ಲಂದ್ರ, ಗೆದ್ದ ಎಲಿ ಕೆಳಗ ಇಡುವಾಗ ಸುಮ್ನ ತುರುಕತಿದ್ದಿಲ್ಲ. ಮೊದಲ ಸಚಿನ್ ಎಲಿ, ಅದರ ಬೆನ್ನಿಗೆ ಬಿನ್ನಿ ಎಲಿ. ಸಚಿನ್ ಎಲಿ ಮ್ಯಾಲ 18,426 ರನ್ ಅವ, ಆ ಸಾಲಿನ್ಯಾಗ ಅದನ್ನ ಹೊಡಿಯೋ ಎಲಿ ಯಾವ ಕಟ್ಟಿನ್ಯಾಗೂ ಇಲ್ಲ. ಪಾಳಿ ಸಿಕ್ಕಾಗ ಸಚಿನ್ ಬಂದ್ರ "ರನ್" ಅಂತ ಕರದು ಗೆಲ್ಲೋದು. ಗೆದ್ದಾಗ ಪಾಳಿ ಕೈಯಾಗನ ಉಳೀತು. ಮುಂದಿನ ಎಲಿ ಬಿನ್ನಿ. "ಛಲೋ ಬೌಲಿಂಗ್" ಅಂತ ಕರದ್ರ ಮುಗೀತು.

ಇನ್ನೊಂದು, ಎಲಿ ಕೆಳಗ ಹ್ವಾದ ಸಾಲಿನ್ಯಾಗನ ತಿರುಗಿ ಮ್ಯಾಲ ಬರತಾವ. ಯಾರ ಕಟ್ಟಿನ್ಯಾಗ ಯಾವ ಎಲಿ ಎಷ್ಟನೇದು ಅಂತ ಅಕಿ ನೆನಪಿಟ್ಟಿರ್ತಿದ್ಲು. ಬರದು ಇಡ್ತಿದ್ದಿಲ್ಲ, ಬೆರಳ ಎಣಿಸ್ತಿದ್ದಿಲ್ಲ. ರೊಟ್ಟಿ ಬಡಕೋತ ಒಳಗಿಂದ ನಾ ಕೇಳೇನಿ, "ತಮ್ಮಾ, ಇನ್ನ ಎರಡು ಎಲಿ ಆದ ಮ್ಯಾಲ ನಿಂದು ಕುಂಬ್ಳೆ ಬರತದ, ಅಲ್ಲೀತನ ನಾ ಬೌಲಿಂಗ್ ಕರಿಯಂಗಿಲ್ಲ" ಅಂದ್ಲು. ತಮ್ಮ ಎಲಿ ತಿರುವಿ ನೋಡಿದ, ಹೌದಂತ.

ಒಂದು ಜಗಳ ಆತು. ಮೊಮ್ಮಗ ಮೊಬೈಲಿನ್ಯಾಗ ನೋಡಿ ಬಂದ, ಬಿನ್ನಿ ದಾಖಲೆ ಈಗ ಇಲ್ಲ, ಮೊಹಮ್ಮದ್ ಶಮಿ 57 ರನ್ನಿಗೆ 7 ತಗೊಂಡಾನ ಅಂತ. ಖರೆ ಅದ. 2023ರ ನವೆಂಬರ್ 15, ಮುಂಬೈದಾಗ ನ್ಯೂಜಿಲೆಂಡ್ ಜೋಡಿ ವರ್ಲ್ಡ್ ಕಪ್ ಸೆಮಿಫೈನಲ್. ಅದ ದಿನ ಕೊಹ್ಲಿ 50ನೇ ಸೆಂಚುರಿ ಹೊಡದು ಸಚಿನ್ನನ 49 ದಾಟಿದ. ಒಂದ ಮ್ಯಾಚಿನ್ಯಾಗ ನಮ್ಮ ಹಳೇ ಕಟ್ಟಿನ ಎರಡು ಸಾಲು ಬದಲಾದ್ವು. ನಮ್ಮ ಹುಡುಗಿ ಜಗಳ ಆಡಲಿಲ್ಲ. ಪೆನ್ನಿಲೆ ಶಮಿ ಎಲಿ ತಾನ ತಿದ್ದಿದ್ಲು, ತನಗ ಲುಕ್ಸಾನ ಆಗೋದು ಗೊತ್ತಿದ್ದೂ. "ಇನ್ನ ಮ್ಯಾಲ ಬಿನ್ನಿ ಕರಿಯೂಕಿಂತ ಮೊದಲ ಶಮಿ ಯಾರ ಕಡೆ ಅದಾನ ನೋಡಬೇಕು ಅತ್ತಿ" ಅಂದ್ಲು, ಅಷ್ಟ.

ನಮ್ಮ ಮನಿಯವರು ಆ ಹೊತ್ತಿನ್ಯಾಗ ಬಿ.ಎಸ್. ಚಂದ್ರಶೇಖರ್ ಅವರ ಕಥಿ ಹೇಳಿದ್ರು. ಮೈಸೂರಿನವರು. ಸಣ್ಣಂದಿರತ ಪೋಲಿಯೋ ಆಗಿ ಬಲಗೈ ಸಣಕಲಾಗಿತ್ತು, ಅದ ಕೈಲೆ ಬೌಲಿಂಗ್. 58 ಟೆಸ್ಟ್ ಆಡಿ ಮಾಡಿದ ರನ್ ಒಟ್ಟ 167, ತಗೊಂಡ ವಿಕೆಟ್ 242. ರನ್ನಿಗಿಂತ ವಿಕೆಟ್ ಹೆಚ್ಚು! ರನ್ ಸಾಲು ನೋಡಿ ಆರಿಸಿದ್ರ ಓಣಿ ಟೀಮಿಗೂ ಅವರನ್ನ ತಗೋತಿದ್ದಿಲ್ಲ. 1971ರಾಗ ಇಂಗ್ಲೆಂಡಿನ ಓವಲ್ ಮೈದಾನದಾಗ 38 ರನ್ನಿಗೆ 6 ವಿಕೆಟ್ ತಗೊಂಡು, ಆ ದೇಶದಾಗ ನಮಗ ಮೊದಲ ಟೆಸ್ಟ್ ಗೆಲ್ಲಿಸಿಕೊಟ್ಟವರು ಅವರ.

ಈಗ ಹೆಣ್ಣುಮಕ್ಕಳ ಮಾತಿಗೆ ಬರತೀನಿ. ಪೂರಾ ಕಟ್ಟಿನ್ಯಾಗ ಒಬ್ಬಾಕಿ ಹೆಣ್ಣುಮಗಳ ಎಲಿ ಇರಲಿಲ್ಲ. ನಮ್ಮ ಹುಡುಗಿ ಹಳೇ ಲಗ್ನಪತ್ರಿಕಿ ಕತ್ತರಿಸಿ ತಾನ ಎರಡು ಎಲಿ ಮಾಡಿದ್ಲು. ಒಂದು ಗದಗಿನ ಸುನಿಲ್ ಜೋಶಿ ಅವರದು; 1999ರ ಸೆಪ್ಟೆಂಬರ್ 26ಕ್ಕ ನೈರೋಬಿಯಾಗ ದಕ್ಷಿಣ ಆಫ್ರಿಕಾ ಮ್ಯಾಲ 10 ಓವರ್, ಅದರಾಗ 6 ಮೇಡನ್, 6 ರನ್, 5 ವಿಕೆಟ್. ಇನ್ನೊಂದು ನಮ್ಮ ಬಿಜಾಪುರದ ರಾಜೇಶ್ವರಿ ಗಾಯಕವಾಡ. ಎಡಗೈ ಸ್ಪಿನ್ ಹಾಕೋ ಹುಡುಗಿ. 2017ರ ವರ್ಲ್ಡ್ ಕಪ್ಪಿನ್ಯಾಗ ಮೊದಲಿನ ಮ್ಯಾಚ್ ಯಾವುದರಾಗೂ ಅಕಿನ್ನ ಆಡಿಸಿರಲಿಲ್ಲ. ಜುಲೈ 15ಕ್ಕ ಡರ್ಬಿ ಊರಾಗ ನ್ಯೂಜಿಲೆಂಡ್ ಜೋಡಿ ಸೋತ್ರ ಮನಿಗೆ ಅನ್ನೋ ಮ್ಯಾಚ್. ಅವತ್ತ ಮೊದಲ ಸಲ ಇಳಿಸಿದ್ರು. 15 ರನ್ ಕೊಟ್ಟು 5 ವಿಕೆಟ್! 266 ಹೊಡೀಬೇಕಾದ ನ್ಯೂಜಿಲೆಂಡ್ 79ಕ್ಕ ಆಲೌಟ್.

ಈ ಎಲಿ ಕಟ್ಟಿನ್ಯಾಗ ಸೇರಿಸಲಾಕ ಹುಡುಗೂರು ಒಪ್ಪಲಿಲ್ಲ. "ಹೆಣ್ಣುಮಕ್ಕಳ ಮ್ಯಾಚ್ ಬ್ಯಾರೆ ಆಂಟಿ, ಅದು ನಡ್ಯಂಗಿಲ್ಲ" ಅಂದ್ರು. ಪಂಚಾಯ್ತಿ ನನ್ನ ಮುಂದ ಬಂತು. ಬ್ಯಾರೆ ಅನ್ನೋದು ಖರೆನ, ನಾ ಇಲ್ಲ ಅನ್ನಲಿಲ್ಲ. ಆದ್ರ ಕಪಿಲ್ ದೇವನ 43ಕ್ಕ 5 ಬಂದದ್ದು 1983ರ ವರ್ಲ್ಡ್ ಕಪ್ಪಿನ್ಯಾಗ, ಆವಾಗ ಒಂದು ಮ್ಯಾಚಿಗೆ 60 ಓವರ್ ಇರತಿದ್ವು. ಈಗ 50. 60 ಓವರಿನ ಮ್ಯಾಚಿನ ಅಂಕಿ, 50 ಓವರಿನ ಮ್ಯಾಚಿನ ಅಂಕಿ ಒಂದ ಕಟ್ಟಿನ್ಯಾಗ ಇಟ್ಟು ಆಡತೀರಲ್ಲ, ಆವಾಗ ಯಾಕ ಬ್ಯಾರೆ ಅನಸಲಿಲ್ಲ ಅಂತ ಕೇಳಿದೆ. ಉತ್ತರ ಬರಲಿಲ್ಲ. ಎಲಿ ಒಳಗ ಬಂತು. ಮೊದಲನೇ ದಿನಾನ ರಾಜೇಶ್ವರಿ ಎಲಿ ಸಚಿನ್ನನ್ನ ಹೊಡೀತು, 32ಕ್ಕ 5ರ ಮುಂದ 15ಕ್ಕ 5. ಹುಡುಗೂರ ಮಾರಿ ನೋಡಬೇಕಿತ್ತು ನೀವು.

ಅಕಿ ಎಲಿ ಬಗ್ಗೆ ಇನ್ನೊಂದು ಹೇಳಬೇಕು. ಆ ವರ್ಲ್ಡ್ ಕಪ್ ಮುಗಿಸಿ ಊರಿಗೆ ಬಂದಾಗ ಆಗಿನ ಜಲಸಂಪನ್ಮೂಲ ಮಂತ್ರಿ, ನಮ್ಮ ತವರ ಮನಿ ಬಬಲೇಶ್ವರದ ಶಾಸಕರು ಎಂ.ಬಿ. ಪಾಟೀಲರು ಕಾರು ಕೊಡತೀವಿ ಅಂದ್ರು. ಕಾರು ಬ್ಯಾಡ್ರಿ, ನಮ್ಮ ಮಂದಿಗೆ ಇರಲಾಕ ಒಂದು ಮನಿ ಬೇಕದ ಅಂತ ರಾಜೇಶ್ವರಿ ಹೇಳಿದ್ಲು. ಪೇಪರಿನ್ಯಾಗ ಎಲ್ಲಾ ಬಂದಿತ್ತು. ಕೊಡೋರ ಮುಂದ ನಿಂತು ಇದು ಬ್ಯಾಡ, ಅದು ಬೇಕು ಅನ್ನೋದು ಸಣ್ಣ ಮಾತಲ್ಲ. ಆ ವಯಸ್ಸಿನ್ಯಾಗ ನಾವಾಗಿದ್ರ ಕೊಟ್ಟದ್ದು ತಗೊಂಡು ಕಾಲಿಗೆ ಬಿದ್ದು ಬರತಿದ್ವಿ.

ಹುಡುಗೂರು ಈಗ ಪೋಕೆಮಾನ್ ಎಲಿಗೆ ಬಿದ್ದಾರ, ಬಂಗಾರದ ಬಣ್ಣದ್ದು, ಬಿಸಿಲಿಗೆ ಹಿಡದ್ರ ಕಣ್ಣು ಕುಕ್ಕತದ. ಇದರಾಗ ನಂದೊಂದು ತಕರಾರದ. ಕ್ರಿಕೆಟ್ ಕಟ್ಟು ತಗೊಂಡ್ರ ಒಳಗ ಏನೇನ ಎಲಿ ಅವ ಅಂತ ಗೊತ್ತಿರತದ. ಪೋಕೆಮಾನಿಂದು ಮುಚ್ಚಿದ ಪಾಕೀಟು, ಬೇಕಾದ ಎಲಿ ಬರೂತನ ಮ್ಯಾಲಿಂದ ಮ್ಯಾಲ ರೊಕ್ಕ ಸುರೀಬೇಕು. ಇಸ್ಪೀಟಿನ ಭಯ ಇದ್ದವರು ಅಂಜಬೇಕಾದ್ದು ಇದಕ್ಕ. ಆದ್ರ ಅದರಾಗಿನ ಮ್ಯಾಜಿಕಾರ್ಪ್ ಅನ್ನೋ ಮೀನದ ಎಲಿ ನನಗ ಸೇರಿತು. ಹಳೇ ಎಲಿಯಾಗ ಅದರ ಜೀವ ಬರೇ 30, ಯಾರಿಗೂ ಬ್ಯಾಡ. ಅದನ್ನ ಕಾದು ಇಟ್ಕೊಂಡ್ರ ಅದರ ಮ್ಯಾಲ ಗ್ಯಾರಡೋಸ್ ಅನ್ನೋ ಎಲಿ ಇಡಬಹುದು, ಅದಕ್ಕ ಜೀವ 100. ಮೊಮ್ಮಗ ಇನ್ನೊಂದು ಹೇಳಿದ. 2014ರಾಗ ಅಮೇರಿಕಾದ ವಾಷಿಂಗ್ಟನ್‌ದಾಗ ಇದ ಪೋಕೆಮಾನ್ ವಿಡಿಯೋ ಗೇಮಿನ ಜಗತ್ತಿನ ಸ್ಪರ್ಧಾ ಆತಂತ. ಕೊರಿಯಾದ ಸೆಜುನ್ ಪಾರ್ಕ್ ಅನ್ನೋ ಹುಡುಗ, ಎಲ್ಲಾರೂ ಹಗುರ ಅಂತ ಬಿಟ್ಟಿದ್ದ ಪಚಿರಿಸು ಅನ್ನೋ ಅಳಿಲು ತಗೊಂಡು ಗೆದ್ದ. ಎದುರಿನವರ ಹೊಡತ ಎಲ್ಲಾ ಆ ಅಳಿಲು ತನ್ನ ಕಡೆ ಎಳಕೋತಿತ್ತು, ಅಷ್ಟರಾಗ ಜೋಡಿ ಇದ್ದ ಗ್ಯಾರಡೋಸ್ ತನ್ನ ಕೆಲಸ ಮುಗಸ್ತಿತ್ತು. ಎಲ್ಲಾರೂ ಅಳಿಲಿನ್ನ ಹೊಗಳಿದ್ರಂತ. ನನಗ್ಯಾಕೋ ಪೂರಾ ಖುಷಿ ಆಗಲಿಲ್ಲ. ಮಂದಿ ಪಾಲಿನ ಹೊಡತ ತಾ ತಿನ್ನೋ ಆಟ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೊಸದಾಗಿ ಕಲಿಸೋದು ಬ್ಯಾಡ. ನನಗ ಬಿನ್ನಿ ಎಲಿನ ಸೇರತದ, ತನ್ನ ಸಾಲು ಬಂದಾಗ ತಾನ ಗೆಲ್ಲೋ ಎಲಿ.

ಇಷ್ಟೆಲ್ಲಾ ಯಾಕ ಬರದೆ ಅಂದ್ರ, ಟಿಕೋಟಾದ ನಮ್ಮ ಮಂದಿ ಇದನ್ನ ಓದತೀರಿ ಅಂತ ಗೊತ್ತದ. ಹುಡುಗಿ ರಿಸಲ್ಟ್ ಬಂತು, ನೂರಕ್ಕ 54. ಅವತ್ತಿಂದ ಮನ್ಯಾಗ ಒಂದ ಮಾತು, "ಸಾಕು, ಇಷ್ಟು ಮಾರ್ಕ್ಸಿಗೆ ಮುಂದ ಏನ ಓದತಾಳ, ಎರಡು ವರ್ಷ ಮನಿ ಕೆಲಸ ಕಲೀಲಿ, ಆಮ್ಯಾಲ ನೋಡೋಣು." ನೋಡೋಣು ಅಂದ್ರ ಏನು ನೋಡತೀರಿ ಅನ್ನೋದು ನನಗೂ ಗೊತ್ತದ, ಅಕಿಗೂ ಗೊತ್ತದ.

ನಾದಿನಿಯವ್ರ, ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ನೀವು ಒಂದ ಸಾಲು ಕರದು ಎಲಿ ಒಗಿಲಾಕತ್ತೀರಿ. ನಿಮ್ಮ ತ್ವಾಟದ ಮಾತ ತಗೋರಿ. ತಿನ್ನೋ ದ್ರಾಕ್ಷಿ ಅಂತ ಪ್ಯಾಟಿಗೆ ಕಳಸೂದಾದ್ರ ಕಾಳು ದಪ್ಪ ಇರಬೇಕು, ಗೊಂಚಲ ನೋಡಲಾಕ ಛಂದ ಇರಬೇಕು. ಮಣೂಕ ಮಾಡೂದಾದ್ರ ಸಿಹಿ ನೋಡತೀರಿ, ದಪ್ಪ ಅಲ್ಲ. ಛಂದ ಇಲ್ಲ ಅಂತ ಯಾವ ಗೊಂಚಲಾನೂ ನೀವು ತಿಪ್ಪಿಗೆ ಒಗದದ್ದು ನಾ ನೋಡಿಲ್ಲ. ಹೋದ ಹಂಗಾಮಿನ್ಯಾಗ ಮಣೂಕ ಶೆಡ್ಡಿನ ಬಾಕ್ಸಿನ ಲೆಕ್ಕ ಯಾರ ಇಟ್ಟಿದ್ರು? ಯಾವ ಆಳಿಗೆ ಎಷ್ಟು ದಿನದ ಪಗಾರ ಬಾಕಿ ಅದ ಅಂತ ಮಾವನವರು ಯಾರನ್ನ ಕೇಳತಿದ್ರು? ಮೂವತ್ತು ಎಲಿ ಸಾಲು ತಲ್ಯಾಗ ಇಟ್ಕೊಳ್ಳೋ ಹುಡುಗಿ, ತನಗ ಲುಕ್ಸಾನ ಆದ್ರೂ ಅಂಕಿ ತಿದ್ದಿ ಸರಿ ಬರಿಯೋ ಹುಡುಗಿ. ಮಾರ್ಕ್ಸ್ ಕಾರ್ಡಿನ್ಯಾಗ ಇದಕ್ಕ ಸಾಲು ಇಲ್ಲ, ಅದಕ್ಕ ಅಲ್ಲಿ ಕಾಣಸಂಗಿಲ್ಲ. ಕಾಮರ್ಸ್ ಅಂದ್ರ ಲೆಕ್ಕ ಪತ್ರ, ಅದು ಅಕಿ ಸಾಲು.

ಲಗ್ನದ ಆತುರ ಇದ್ದವರಿಗೂ ಒಂದು ಹೇಳತೀನಿ. ನಾ ಪಿಯುಸಿ ಮುಗಿಸಿ ಈ ಮನಿಗೆ ಬಂದಾಕಿ. ಆ ಎರಡು ವರ್ಷದ ಓದು ನನಗ ನೌಕರಿ ಕೊಡಲಿಲ್ಲ, ಖರೆ. ಆದ್ರ ಬ್ಯಾಂಕಿನ ಕಾಗದ ಬಂದ್ರ ಇವತ್ತಿಗೂ ಮನ್ಯಾಗ ನನ್ನ ಕೈಗೇ ಕೊಡತಾರ, ಸಹಿ ಮಾಡೂಕಿಂತ ಮೊದಲ ಓದು ಅಂತ. ಅಷ್ಟು ಮಾನ ಅಕಿಗೂ ಸಿಗಲಿ.

ಖರ್ಚಿನ ಮಾತು ತೆಗೀಬ್ಯಾಡ್ರಿ. ಟಿಕೋಟಾದಿಂದ ಬಿಜಾಪುರಕ್ಕ ಬಸ್ಸು ಬೇಕಾದಷ್ಟು ಅವ, 2023ರ ಜೂನ್‌ದಿಂದ ಶಕ್ತಿ ಯೋಜನಾದಾಗ ಸರ್ಕಾರಿ ಬಸ್ಸಿಗೆ ನಮ್ಮ ಹೆಣ್ಣುಮಕ್ಕಳದು ಟಿಕೀಟಿಗೆ ರೊಕ್ಕ ಇಲ್ಲ. ದಿನಾ ಬಂದು ಹೋಗೋದು ತ್ರಾಸ ಅಂದ್ರ ನಮ್ಮನಿ ಅದ. ಸಣ್ಣ ಮಗ ಪುಣಾಕ ಹ್ವಾದ ಮ್ಯಾಲ ಹಿಂದಿನ ಖೋಲಿ ಖಾಲಿ ಬಿದ್ದದ, ಜ್ವಾಳದ ಚೀಲ ಎರಡು ಅವ, ಅವನ್ನ ಪಡಸಾಲಿಗೆ ಸರಸ್ತೀನಿ. ಊಟದ ಲೆಕ್ಕ ಯಾರೂ ಹೇಳಬಾರದು, ನಾಕು ರೊಟ್ಟಿ ಜೋಡಿ ಇನ್ನೆರಡು. ನಮ್ಮ ಮನಿಯವರ ಜೋಡಿ ಮಾತಾಡೇನಿ, ಅವರದೂ ಹೂಂ ಅದ.

ಕಾಲೇಜಿನ ಫಾರ್ಮ್ ತಂದು ಇಟ್ಟೀನಿ. ಕಾಮರ್ಸ್ ಅಂತ ಇನ್ನ ಬರದಿಲ್ಲ, ಅದನ್ನ ಅಕಿನ ಕೇಳಿ ಅಕಿ ಕೈಲೆ ಬರಸೋದು. ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ಎರಡು, ಜಾತಿ ಆದಾಯದ ಸರ್ಟಿಫಿಕೇಟು, ಫೋಟೋ ನಾಕು ತಗೊಂಡು ಸೋಮವಾರದೊಳಗ ಬರ್ರಿ. ಬಬಲೇಶ್ವರದ ವೈನಿ ತಮ್ಮ ಮಗಳದೂ ಅದ ದಿನ ತುಂಬಸೋಣು ಅಂದಾರ, ಇಬ್ಬರೂ ಜೋಡಿ ಆಗತಾರ.